ಎರಡೂ ಕೈಗೆ ಒಪ್ಪುವ ಪಿಸ್ತೂಲು

ಬೆಲೆ ಕೈಗೆಟುಕಬೇಕು, ನಾಲ್ಕು ಕೆಲಸಕ್ಕೆ ಒದಗಬೇಕು, ಕೆಟ್ಟರೆ ಬಿಡಿಭಾಗ ಸಿಗಬೇಕು. ಕುಕ್ಕರ್ ಕೊಳ್ಳುವಾಗ ನನ್ನ ನಿಯಮ ಇದೇ, ಕಾರು ಕೊಳ್ಳುವಾಗಲೂ ಇದೇ. ಪಿಸ್ತೂಲಿಗೆಂದು ಬೇರೆ ನಿಯಮ ಮಾಡಲು ನನಗೆ ಪುರುಸೊತ್ತಿರಲಿಲ್ಲ.

ಐರ್ಲೆಂಡಿನ ಡ್ರೋಹೆಡಾದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ನಾನು. ಜನರನ್ನು ಮಲಗಿಸಿ, ಕೆಲಸ ಮುಗಿದ ಮೇಲೆ ಎಬ್ಬಿಸಿ ಕಳಿಸುವುದು ನನ್ನ ಉದ್ಯೋಗ. ವಾರವೆಲ್ಲ ಪರರ ಉಸಿರು ಕಾದು ಸಾಕಾಗಿ, ಭಾನುವಾರವಾದರೂ ನನ್ನ ಉಸಿರು ನಾನೇ ಬಿಗಿಹಿಡಿಯೋಣ ಎಂದು ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಸೇರಿದ್ದೆ. ಅಲ್ಲಿ ಕಾಗದದ ಗುರಿಗೆ ಹೊಡೆಯುತ್ತಾರೆ, ಆಮೇಲೆ ಚಹಾ ಕುಡಿಯುತ್ತಾರೆ. ಎರಡೂ ನನಗೆ ಹಿಡಿಸಿದವು.

ಚಹಾ ಚೆನ್ನಾಗಿ ಕುಡಿಯುತ್ತಿದ್ದೆ, ಗುರಿ ಮಾತ್ರ ಹತ್ತುತ್ತಿರಲಿಲ್ಲ. ಕಾಲೇಜಿನ ಎನ್‌ಸಿಸಿಯಲ್ಲೂ ಇದೇ ಕಥೆ. ಅಲ್ಲಿನ ಹವಾಲ್ದಾರರು ನನ್ನ ಗುರಿಹಲಗೆ ನೋಡಿ, "ನಿನ್ನ ಎದುರಿಗೆ ನಿಂತವನೇ ಎಲ್ಲರಿಗಿಂತ ಕ್ಷೇಮ" ಎನ್ನುತ್ತಿದ್ದರು. ಆಗ ಸರ್ಕಾರಿ ಬಂದೂಕನ್ನು ಬೈದುಕೊಂಡಿದ್ದೆ, ಈಗ ಕ್ಲಬ್ಬಿನ ಎರವಲು ಪಿಸ್ತೂಲನ್ನು ಬೈದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಗಬಹುದು, ನಗಿ. ನನ್ನದೇ ಒಂದು ಪಿಸ್ತೂಲು ಇದ್ದರೆ ಎಲ್ಲ ಸರಿಹೋಗುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಇದೇ ಸಮಯಕ್ಕೆ ಅರಸೀಕೆರೆಯಿಂದ ಅಮ್ಮ ಬಂದಿದ್ದಳು. ಅಮ್ಮ ಬಂದಳೆಂದರೆ ಅವಳ ಹಳೆಯ ಪ್ರತಾಪವೂ ಜೊತೆಗೆ ಬಂತೆಂದೇ ಅರ್ಥ. ನಾನು ಹುಟ್ಟಾ ಎಡಚಿ. ಚಿಕ್ಕವಳಿದ್ದಾಗ ಅಮ್ಮ ಹಳೇ ಸೀರೆಯ ಅಂಚು ಹರಿದು, ಊಟಕ್ಕೆ ಕೂತಾಗಲೆಲ್ಲ ನನ್ನ ಎಡಗೈಯನ್ನು ಬೆನ್ನ ಹಿಂದೆ ಕಟ್ಟುತ್ತಿದ್ದಳು. ಹಸಿವು ಜಾಸ್ತಿಯಾದ ಹಾಗೆ ಬಲಗೈ ಕಲಿತುಕೊಂಡಿತು. ಈಗ ಊಟ, ಬರಹ, ಸೂಜಿ ಎಲ್ಲವೂ ಬಲಗೈಯಲ್ಲೇ. ಮನೆಗೆ ಯಾರೇ ಬರಲಿ, ಅಮ್ಮ ಇದನ್ನು ಹೇಳದೆ ಕಳಿಸುವವಳಲ್ಲ. "ಎಡಗೈ ಹುಡುಗಿ, ನಾನು ತಿದ್ದಿದೆ ನೋಡಿ, ಡಾಕ್ಟ್ರಾದ್ಲು" ಅನ್ನುತ್ತಾಳೆ. ಬಂದವರು ತಲೆದೂಗುತ್ತಾರೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಆ ಗಂಟು ನೋಯುತ್ತಿತ್ತು. ಒಂದು ಸಲವಾದರೂ ಅಮ್ಮ ಅದನ್ನು ಪ್ರತಾಪವಾಗಿ ಅಲ್ಲದೆ ಬೇರೆ ರೀತಿ ಹೇಳಲಿ, ಪಾಪ ಮಗು ಅನ್ನಲಿ ಎಂದು ಐವತ್ತು ಹತ್ತಿರವಾದರೂ ಕಾಯುತ್ತಲೇ ಇದ್ದೆ. ಕೇಳಿ ಪಡೆಯುವ ಮಾತಲ್ಲ ಅದು, ಹಾಗಾಗಿ ಕೇಳಿರಲಿಲ್ಲ.

ಐರ್ಲೆಂಡಿನಲ್ಲಿ ಪಿಸ್ತೂಲು ಕೊಳ್ಳುವುದೆಂದರೆ ಅಂಗಡಿಗೆ ಹೋಗಿ ಚೀಲದಲ್ಲಿ ಹಾಕಿಕೊಂಡು ಬರುವುದಲ್ಲ. ನಮ್ಮಂಥವರಿಗೆ ಸಿಗುವುದು ಗುರಿ ಹೊಡೆಯುವ ಸಣ್ಣ ಗುಂಡಿನ ಪಿಸ್ತೂಲು ಮಾತ್ರ, ಅದರಲ್ಲಿ ಐದಕ್ಕಿಂತ ಹೆಚ್ಚು ಗುಂಡು ಹಿಡಿಸುವಂತಿಲ್ಲ. ಮೊದಲು ಇಂಥದ್ದೇ ಎಂದು ಆರಿಸಿ ಅಂಗಡಿಯಲ್ಲೇ ಬಿಟ್ಟು ಬರಬೇಕು. ಆಮೇಲೆ ಪೊಲೀಸರಿಗೆ ಅರ್ಜಿ. ಅವರು ನಮ್ಮ ಡಾಕ್ಟರನ್ನು ಕೇಳಬಹುದು, ನಮ್ಮ ಬಗ್ಗೆ ಒಳ್ಳೆ ಮಾತಾಡುವ ಇಬ್ಬರನ್ನು ಕೇಳಬಹುದು, ಮನೆಯ ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯನ್ನು ಅಲುಗಾಡಿಸಿ ನೋಡಬಹುದು. ಅಷ್ಟಾದ ಮೇಲೆ ಬರುವ ಅನುಮತಿ ಆ ಒಂದು ಪಿಸ್ತೂಲಿಗೆ ಮಾತ್ರ. ಹುಡುಗಿ ಒಪ್ಪಿ ಬಂದ ಮೇಲೆ ಜಾತಕ ನೋಡಿಸಿದ ಹಾಗೆ. ಆರಿಸುವಾಗ ಎಡವಿದರೆ ಎಲ್ಲ ಮತ್ತೆ ಮೊದಲಿನಿಂದ.

ಹೊಸದರ ಬೆಲೆ ಕೇಳಿ ಆ ಆಸೆ ಅಲ್ಲಿಗೇ ಬಿಟ್ಟಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವವಳು ನಾನು. ಅತ್ಲೋನ್ ಎಂಬ ಊರಿನ ಹತ್ತಿರ ಒಬ್ಬರು ಬಳಸಿದ ಪಿಸ್ತೂಲುಗಳನ್ನು ಮಾರುತ್ತಾರೆಂದು ತಿಳಿದು, ರಜೆ ಇದ್ದ ದಿನ ಅಮ್ಮನನ್ನೂ ಕೂರಿಸಿಕೊಂಡು ಹೊರಟೆ. ಮನೆಯಲ್ಲಿ ಒಬ್ಬಳೇ ಕೂತು ಮಳೆ ನೋಡಲು ಅವಳು ತಯಾರಿರಲಿಲ್ಲ. "ಜನರನ್ನ ಉಳಿಸೋ ಕೈಗೆ ಕೋವಿ ಯಾಕೆ ಬೇಕು" ಎಂದು ದಾರಿಯುದ್ದಕ್ಕೂ ಕೇಳಿದಳು. ಕಾಗದಕ್ಕೆ ಹೊಡೆಯುವುದು ಎಂದು ನಾನೂ ದಾರಿಯುದ್ದಕ್ಕೂ ಹೇಳಿದೆ.

ಅಂಗಡಿಯಲ್ಲಿ ಒಂದು ಕಡೆ ಮೀನು ಹಿಡಿಯುವ ಗಾಳದ ಕೋಲುಗಳು, ಇನ್ನೊಂದು ಕಡೆ ನಾಯಿ ತಿಂಡಿಯ ಮೂಟೆಗಳು, ಹಿಂದೆ ಬೀಗ ಹಾಕಿದ ಕೋಣೆಯಲ್ಲಿ ಬಂದೂಕುಗಳು. ಯಜಮಾನರು ನನಗಿಂತ ಹಿರಿಯರು, ಮಾತಿನಮಲ್ಲ. ಅಮ್ಮನಿಗೆ ಕುರ್ಚಿ ಹಾಕಿಕೊಟ್ಟು, ಮೂರು ಪಿಸ್ತೂಲು ತಂದರು.

ಮೊದಲನೆಯದು ಹಗುರ, ಪುಟ್ಟದು. ಹೆಂಗಸರಿಗೆ ಇದು ಹೇಳಿ ಮಾಡಿಸಿದ ಹಾಗಿದೆ ಎಂದರು. ಮಲಗಿದ ಗಂಡಾಳನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಎಳೆದು ಹಾಕುವವಳು ನಾನು ಎಂದೆ. ಅವರು ಅದನ್ನು ಪಕ್ಕಕ್ಕಿಟ್ಟರು. ಹಗುರವಾದದ್ದು ಕೈಯಲ್ಲಿ ಅಲ್ಲಾಡುವುದೂ ಹೆಚ್ಚು, ನನಗೆ ಅಷ್ಟು ತಿಳಿದಿತ್ತು.

ಎರಡನೆಯದನ್ನು ಕಂಡು ನನಗೆ ಆಸೆ ಹತ್ತಿತು. ವಾಲ್ನಟ್ ಮರದ ಹಿಡಿ, ಬೆರಳು ಬೆರಳಿಗೂ ಒಂದೊಂದು ತಗ್ಗು ಕೆತ್ತಿದ್ದಾರೆ. ಯಾರೋ ಹಿರಿಯರು ವರ್ಷಗಟ್ಟಲೆ ಬಳಸಿ, ಕಣ್ಣು ಮಂಜಾಗಿ ಮಾರಿದ್ದು. ಯಜಮಾನರು ಅದನ್ನು ಬಿಚ್ಚಿ, ಒಳಗೆ ಗುಂಡಿಲ್ಲವೆಂದು ತೋರಿಸಿ ಚಾಚಿದರು. ನಾನು ಬಲಗೈಯಲ್ಲಿ ತೆಗೆದುಕೊಂಡೆ. ಯಾರಾದರೂ ಏನಾದರೂ ಕೊಟ್ಟರೆ ಬಲಗೈಯಲ್ಲಿ ತಾನೇ ತೆಗೆದುಕೊಳ್ಳುವುದು? ಪ್ರಸಾದಕ್ಕಾದರೂ ಸರಿ, ಪಿಸ್ತೂಲಿಗಾದರೂ ಸರಿ. ಕ್ಲಬ್ಬಿನಲ್ಲೂ ಅಷ್ಟೇ, ಎನ್‌ಸಿಸಿಯಲ್ಲೂ ಅಷ್ಟೇ. ಹಿಡಿ ಅಂಗೈಗೆ ಅಂಟಿಕೊಂಡಿತು. ಗೋಡೆಯ ಮೇಲಿದ್ದ ಕಪ್ಪು ಚುಕ್ಕೆಗೆ ಗುರಿ ಹಿಡಿದೆ. ಎಂದಿನ ಹಾಗೆ ಸ್ವಲ್ಪ ಅತ್ತ, ಸ್ವಲ್ಪ ಇತ್ತ. ಪರವಾಗಿಲ್ಲ, ಅಭ್ಯಾಸವಾಗುತ್ತದೆ ಎಂದುಕೊಂಡೆ.

"ಇದೇ ಇರಲಿ" ಎಂದುಬಿಟ್ಟೆ.

ವ್ಯಾಪಾರ ಮುಗಿಯಿತೆಂದು ತಿಳಿದ ಅಮ್ಮ ಚೀಲದಿಂದ ಕೋಡುಬಳೆ ಡಬ್ಬಿ ತೆಗೆದಳು. ಅವಳ ಪ್ರಕಾರ ಯಾವ ವ್ಯವಹಾರವೂ ಬಾಯಿಗೇನಾದರೂ ಹಾಕದೆ ಮುಗಿಯುವುದಿಲ್ಲ. ಯಜಮಾನರು ಒಂದು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, "ಗ್ರ್ಯಾಂಡ್" ಎಂದು ಇನ್ನೊಂದು ತೆಗೆದುಕೊಂಡರು. ನಾನೂ ಮುರಿದು ತಿನ್ನುತ್ತ ನಿಂತೆ. ಆಗ ಅವರಿಗೆ ಮೂರನೆಯದು ನೆನಪಾಯಿತು. ಅದನ್ನು ಮೇಜಿನ ಹಸಿರು ಬಟ್ಟೆಯ ಮೇಲಿಟ್ಟು, ಒಳ್ಳೆಯ ಉಕ್ಕು, ಯಾವ ಅಗ್ಗದ ಗುಂಡು ಹಾಕಿದರೂ ತಕರಾರಿಲ್ಲ, ಬೇಕಾದರೆ ಮೇಲೆ ಗುರಿ ನೋಡುವ ಬೇರೆ ಸಾಧನ ಕೂರಿಸಬಹುದು, ಬಿಡಿಭಾಗ ಎಲ್ಲೆಲ್ಲೂ ಸಿಗುತ್ತದೆ, ರೂಪವೊಂದಿಲ್ಲದೆ ಮೂಲೆ ಹಿಡಿದಿದೆ ಎಂದರು. ಹೌದು, ರೂಪವಿರಲಿಲ್ಲ. ಕರ್ರಗೆ, ಹಿಡಿಯ ಎರಡು ಪಕ್ಕವೂ ಒಂದೇ ಸಮ ಚಪ್ಪಟೆ.

ನೋಡೋಣ ಎಂದು ಕೈ ಚಾಚಿದೆ. ಬಲಗೈ ಎಂಜಲಾಗಿತ್ತು. ಎಂಜಲು ಕೈಯಲ್ಲಿ ಯಾವುದನ್ನೂ ಮುಟ್ಟಬಾರದೆಂಬುದನ್ನೂ ಅಮ್ಮನೇ ಕಲಿಸಿದ್ದು. ಹಾಗಾಗಿ, ಊಟದ ನಡುವೆ ನೀರಿನ ಲೋಟ ಎತ್ತುವಂತೆ, ಎಡಗೈಯಲ್ಲಿ ಎತ್ತಿದೆ.

ಎತ್ತಿದ್ದಷ್ಟೇ. ಗೋಡೆಯ ಚುಕ್ಕೆ ಬಂದು ಪಿಸ್ತೂಲಿನ ತುದಿಯ ಮೇಲೆ ಕೂತಿತು, ಕೂತಿದ್ದು ಏಳಲಿಲ್ಲ. ನಾನು ಉಸಿರನ್ನೂ ಹಿಡಿದಿರಲಿಲ್ಲ, ಬಾಯಲ್ಲಿ ಇನ್ನೂ ಕೋಡುಬಳೆ ಇತ್ತು.

ಪಿಸ್ತೂಲನ್ನು ಕೆಳಗಿಟ್ಟೆನೋ ಇಲ್ಲವೋ, ನನ್ನ ಎಡಗೈ ಮೇಲೆ ಪಟ್ ಅಂತ ಒಂದು ಏಟು ಬಿತ್ತು.

"ಎಡಗೈ" ಅಂದಳು ಅಮ್ಮ.

"ಬಲಗೈ ಎಂಜಲಮ್ಮ."

"ತೊಳ್ಕೊಂಡು ಬಾ. ಅವ್ರೇನಂದ್ಕೋತಾರೆ?"

"ಇಲ್ಲಿ ಅದನ್ನೆಲ್ಲ ಯಾರೂ ನೋಡಲ್ಲ."

"ನಾನು ನೋಡ್ತಾ ಇದೀನಲ್ಲ."

ಯಜಮಾನರು ಗಾಳದ ಕೋಲುಗಳ ಕಡೆ ತಿರುಗಿ ನಿಂತರು. ಅಮ್ಮಂದಿರ ಏಟಿಗೆ ಯಾವ ಭಾಷೆಯೂ ಬೇಕಿಲ್ಲ. ನನಗೆ ಮೈಯೆಲ್ಲ ಉರಿಯಿತು. ನನ್ನ ಮಾತಿಗೆ ಆಪರೇಷನ್ ಥಿಯೇಟರಿನಲ್ಲಿ ದೊಡ್ಡ ದೊಡ್ಡ ಸರ್ಜನ್ನುಗಳು ಕತ್ತಿ ಕೆಳಗಿಟ್ಟು ಕಾಯುತ್ತಾರೆ. ಆದರೂ ಹೋಗಿ ಕೈ ತೊಳೆದು ಬಂದೆ. ಆ ಕರ್ರಗಿನದನ್ನೇ ಬಲಗೈಯಲ್ಲಿ ಹಿಡಿದೆ, ಚುಕ್ಕೆ ಓಡಿಹೋಯಿತು. ಎಡಗೈಗೆ ಬದಲಿಸಿದೆ, ವಾಪಸು ಬಂದು ಕೂತಿತು. ಪಿಸ್ತೂಲು ಇಟ್ಟು, ಎರಡೂ ಅಂಗೈ ಜೋಡಿಸಿ ಸಣ್ಣ ಕಿಂಡಿ ಮಾಡಿ ಚುಕ್ಕೆ ನೋಡಿದೆ. ಬಲಗಣ್ಣು ಮುಚ್ಚಿದರೂ ಚುಕ್ಕೆ ಅಲ್ಲೇ ಇತ್ತು, ಎಡಗಣ್ಣು ಮುಚ್ಚಿದರೆ ಮಾಯ. ಗುರಿ ನೋಡುವ ಕಣ್ಣು ನನ್ನ ಎಡಗಣ್ಣು, ಅದಕ್ಕೇ ಬಲಗೈಯ ಗುರಿ ತಪ್ಪುತ್ತಿದ್ದದ್ದು. ಕೈಯನ್ನು ಅಮ್ಮ ತಿದ್ದಿದ್ದಳು, ಕಣ್ಣು ಅವಳ ಕೈಗೆ ಸಿಕ್ಕಿರಲಿಲ್ಲ.

"ಇದು ಕೊಡಿ" ಎಂದು ಕರ್ರಗಿನದನ್ನು ತೋರಿಸಿದೆ. ಯಜಮಾನರು ಮರದ ಹಿಡಿಯದನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು, ಈ ಬೆಲೆಗೆ ಇಂಥದ್ದು ಇನ್ನು ಸಿಗಲಾರದು ಎಂದರು. ಅದರ ತಗ್ಗುಗಳೆಲ್ಲ ಬಲಗೈಯವರಿಗೆ ಕೆತ್ತಿದವು, ನನಗೆ ಬೇಡ ಎಂದೆ. ಹಾಗೆ ಹೇಳುವಾಗ ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಇತ್ತು.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಮುಖ ಊದಿಸಿಕೊಂಡು ಕೂತಿದ್ದಳು. ಬಹಳ ದೂರ ಬಂದ ಮೇಲೆ, "ಅಷ್ಟು ಕಷ್ಟಪಟ್ಟು ತಿದ್ದಿದ್ದೆಲ್ಲ ನೀರಲ್ಲಿ ಹೋಮ" ಅಂದಳು.

"ಅಮ್ಮ, ಆಸ್ಪತ್ರೇಲಿ ಪೇಷಂಟ್ ಗಂಟಲಿಗೆ ಟ್ಯೂಬ್ ಹಾಕೋವಾಗ ನಾಲಿಗೆ ಎತ್ತಿ ಹಿಡಿಯೋ ಸಾಧನ ಇರತ್ತೆ. ಪ್ರಪಂಚದ ಎಲ್ಲಾ ಡಾಕ್ಟ್ರೂ ಅದನ್ನ ಎಡಗೈಲೇ ಹಿಡೀಬೇಕು, ಅದನ್ನ ಮಾಡಿರೋದೇ ಹಾಗೆ. ನಮ್ಮ ಬ್ಯಾಚಲ್ಲಿ ಅದರಲ್ಲಿ ನನ್ನ ಮೀರಿಸೋರೇ ಇರ್ಲಿಲ್ಲ. ಯಾಕೆ ಹೇಳು?"

ಅಮ್ಮ ಕಿಟಕಿಯಾಚೆಯ ಮಳೆ ನೋಡಿದಳು.

"ನೀನು ಕಟ್ತಿದ್ದ ಗಂಟು ನೋಯ್ತಿತ್ತು" ಅಂದೆ. ಹುಟ್ಟಿದಾಗಿನಿಂದ ಆಡದ ಮಾತು ಹಾಗೆ ಹೆದ್ದಾರಿಯ ಮೇಲೆ ಬಾಯಿಂದ ಬಿದ್ದುಹೋಯಿತು.

ಅಮ್ಮ ಸೆರಗು ಸರಿಮಾಡಿಕೊಂಡಳು. "ಎಡಗೈ ನಿಂಗೆ ಹುಟ್ತಾನೇ ಬಂತು. ಬಲಗೈ ನಾನು ಕೊಟ್ಟಿದ್ದು. ಬೇರೆಯವ್ರಿಗೆ ಒಂದೇ ಕೈ ಬಳಕೆ, ನಿಂಗೆ ಎರಡು. ಇನ್ನೇನು ನಿನ್ನ ದೂರು?"

ಅವಳ ಮಾತು ಸುಳ್ಳಲ್ಲ. ಆದರೆ ನಾನು ಕಾಯುತ್ತಿದ್ದ ಮಾತೂ ಅದಲ್ಲ. ವೈಪರನ್ನು ಇನ್ನಷ್ಟು ಜೋರಾಗಿಟ್ಟು ಮನೆವರೆಗೂ ಕಾರು ಓಡಿಸಿದೆ.

ಅನುಮತಿ ಬರುವಷ್ಟರಲ್ಲಿ ಅಮ್ಮ ಊರಿಗೆ ಹೋಗಿಯಾಗಿತ್ತು. ಪಿಸ್ತೂಲು ತಂದ ಮೇಲಿನ ಮೊದಲ ಭಾನುವಾರ ಎಡಗೈಯಲ್ಲಿ ಐದು ಗುಂಡು ಹೊಡೆದೆ. ಐದೂ ಕಪ್ಪಿನೊಳಗೆ, ಕಾಫಿ ಬಟ್ಟಲಿನ ಬಾಯಿಯಷ್ಟು ಜಾಗದಲ್ಲಿ ಬಿದ್ದವು. ಪಕ್ಕದಲ್ಲಿದ್ದವರು ಬಗ್ಗಿ ನೋಡಿ ಹುಬ್ಬೇರಿಸಿದರು. ಆಶ್ಚರ್ಯ ಅವರಿಗೆ, ನನಗಲ್ಲ. ಆಮೇಲೆ ಕಾಗದ ಬದಲಿಸಿ ಬಲಗೈಯಲ್ಲೂ ಹೊಡೆದೆ, ಎಂದಿನಂತೆ ಚೆಲ್ಲಾಪಿಲ್ಲಿ. ಎರಡೂ ಕಾಗದದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಏನೂ ಬರೆಯಲಿಲ್ಲ.

ಮನೆಗೆ ಬಂದು ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ತಟ್ಟೆಗೆ ಅನ್ನ ಹಾಕಿಕೊಳ್ಳುವಾಗ ಫೋನು ಬಂತು.

"ಇದ್ರಲ್ಲಿ ನಾನು ತಿದ್ದಿದ ಕೈ ಯಾವ್ದು?" ಎಂದಳು ಅಮ್ಮ, ಪೀಠಿಕೆಯಿಲ್ಲದೆ.

ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. "ಚೆಲ್ಲಾಪಿಲ್ಲಿ ಆಗಿರೋದು" ಅಂದೆ.

ಅಲ್ಲಿ ಅವಳ ಮನೆಯ ಟೀವಿ ಸದ್ದು ಕೇಳಿಸುತ್ತಿತ್ತು. ಯಾರೋ ಅದನ್ನು ಆರಿಸಿದರು, ಅವಳೇ ಇರಬೇಕು.

"ನಿಮ್ಮಜ್ಜಿ ಹೇಳ್ತಿದ್ರು, ಎಡಗೈ ಹುಡುಗೀನ ಯಾರು ಮಾಡ್ಕೋತಾರೆ ಅಂತ. ನಂಗೂ ಭಯ. ನೀನು ಅತ್ತಾಗ ಇನ್ನೂ ಬಿಗೀತಿದ್ದೆ" ಅಂದಳು. ಆಮೇಲೆ ಮೆಲ್ಲಗೆ, "ಕಟ್ಟಬಾರ್ದಿತ್ತು ಕಣೇ."

ನಾನು ಅನ್ನದ ಸೌಟು ಕೆಳಗಿಟ್ಟೆ.

"ಊಟ ಆಯ್ತಾ?"

"ಈಗ ಕೂರ್ತಿದೀನಿ."

"ಯಾವ ಕೈಲಾದ್ರೂ ಉಣ್ಣು" ಎಂದು ಫೋನಿಟ್ಟಳು.

ಅನ್ನಕ್ಕೆ ಸಾರು ಹಾಕಿಕೊಂಡು ಕೂತೆ. ಅಭ್ಯಾಸವೆಂಬುದು ಹಾಗೆಲ್ಲ ಬಿಡುವುದಿಲ್ಲ, ಬಲಗೈಯಲ್ಲೇ ಕಲೆಸಿ ಉಂಡೆ. ಬಲಗೈ ಎಂಜಲಾಗಿತ್ತು, ಹಾಗಾಗಿ ಕಣ್ಣೊರೆಸಿಕೊಂಡಿದ್ದು ಎಡಗೈಯಲ್ಲಿ.