ಮಹಡಿ ಮನೆಯ ಹಾಡುವ ಹುಡುಗಿಯರು

"ಎಷ್ಟ್ ಜನ ಅವ್ರೆ ಒಳಗೆ?"

ಮೈಸೂರಿಗೆ ಬಂದ ಮೂರನೇ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದವಳಿಗೆ ಸಿಕ್ಕ ಮೊದಲ ಮಾತು ಇದು. ಮನೆ ಓನರ್ ಪುಟ್ಟತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನ ಹೆಗಲ ಮೇಲಿಂದ ಒಳಗೆ ಇಣುಕುತ್ತಿದ್ದರು.

"ನಾನೊಬ್ಬಾಕೀನೇ ರೀ ಅಮ್ಮಾರ," ಅಂದೆ.

"ಒಬ್ರೇ ಅಂತ ಯೋಳಿ ಮನೆ ತಕ್ಕೊಂಡ್ರಿ. ಟ್ಯಾಂಕು ಚಿಕ್ಕದು ಕಣಮ್ಮ ಅಂತ ನಾನೂ ಯೋಳಿದ್ದೆ. ಈಗ ನೋಡುದ್ರೆ ದಿನಾ ಸಂಜೆ ಮೂರ್ ಮೂರು ಹುಡ್ಗೀರು ಹಾಡ್ತಾವ್ರೆ, ಕಿಲಕಿಲ ನಗ್ತಾವ್ರೆ. ನಂಗೇನು ಕಿವಿ ಕೇಳ್ಸಲ್ವಾ?"

ಒಳಗೆ ಹೋಗಿ ದಿಂಬಿನ ಪಕ್ಕದಲ್ಲಿದ್ದ ಅಂಗೈ ಅಗಲದ ವಿಡಿಯೊ ಗೇಮ್ ತಂದು ಅವರ ಮುಂದೆ ಹಿಡಿದೆ. ಪರದೆಯ ಮೇಲೆ ಮೂವರು ಗೊಂಬೆಯಂಥ ಹುಡುಗಿಯರು ಕುಣಿಯುತ್ತಿದ್ದರು. ಒಬ್ಬಳದು ಬದನೆಕಾಯಿ ಬಣ್ಣದ ಮೋಟು ಕೂದಲು, ಒಬ್ಬಳದು ಕಿತ್ತಳೆ ಬಣ್ಣದ ಉದ್ದ ಜಡೆ, ಮೂರನೆಯ ಚೋಟುದ್ದದವಳ ತಲೆಯ ಮೇಲೊಂದು ಗಂಟೆ.

"ಇವರೇ ರೀ," ಅಂದೆ.

ಪುಟ್ಟತಾಯಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇವ್ರು ಸ್ನಾನ ಮಾಡಲ್ವಲ್ಲ?"

"ಇಲ್ಲ ರೀ."

"ಅಂಗಾದ್ರೆ ಇರ್ಲಿ ಬುಡಿ," ಎಂದು ಮೆಟ್ಟಿಲಿಳಿದು ಹೋದರು.

ನಮ್ಮೂರು ಯಾದಗಿರಿಯಲ್ಲಿ ಕೂತು ಇದನ್ನು ಓದುತ್ತಿರುವ ನೀವು ನಕ್ಕಿರಬಹುದು. ನಲವತ್ತರ ಹತ್ತಿರದ ಹೆಂಗಸು, ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮಕ್ಕಳಾಟ ಹಿಡಿದು ಕೂತಿದ್ದಾಳಲ್ಲ ಅಂತ. ನಗಿರಿ, ಅಡ್ಡಿಯಿಲ್ಲ. ಆದರೆ ಹೇಗೆ ಆಯಿತೆಂದು ಹೇಳಿಬಿಡುತ್ತೇನೆ.

ನಾನು ಬಂದದ್ದು ಶ್ರಾವಣದಲ್ಲಿ. ಕುಂಬಾರಕೊಪ್ಪಲಿನಲ್ಲಿ ಮಹಡಿಯ ಮೇಲೊಂದು ಕೋಣೆ, ಒಂದು ಅಡುಗೆಮನೆ. ಕೆಲಸ ದೇವರಾಜ ಮೊಹಲ್ಲಾದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಲ್ಯಾಬಿನಲ್ಲಿ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಮೇಣ, ಪ್ಲಾಸ್ಟರು ಹಿಡಿದು ಹಲ್ಲಿನ ಸೆಟ್ಟು ಕಟ್ಟುತ್ತೇವೆ. ನಾಲ್ಕು ಜನ ಕೆಲಸಗಾರರು, ನಾಲ್ವರ ಕಿವಿಯಲ್ಲೂ ಇಯರ್‌ಫೋನು. ಇಡೀ ದಿನ ಊರಿನವರ ಬಾಯಿಗಳು ನನ್ನ ಕೈಯಲ್ಲಿರುತ್ತಿದ್ದವು, ಒಂದಾದರೂ ನನ್ನೊಡನೆ ಮಾತಾಡುತ್ತಿರಲಿಲ್ಲ.

ನಮ್ಮಲ್ಲಿ ಆ ಕಾಲಕ್ಕೂ ಫ್ಯಾನು ತಿರುಗುತ್ತಿರುತ್ತದೆ. ಇಲ್ಲಿ ಬಂದ ವಾರದಲ್ಲೇ ಸ್ವೆಟರ್ ಕೊಂಡೆ. ನಮ್ಮಲ್ಲಿ ಬೆಳಗಾದರೆ ಓಣಿಯ ತುಂಬ ರೊಟ್ಟಿ ಬಡಿಯುವ ಸದ್ದು, ಆ ಸದ್ದಿಗೇ ನಾನು ಹುಟ್ಟಿದಾಗಿನಿಂದ ಎದ್ದವಳು. ಇಲ್ಲಿಯ ಅಡುಗೆಮನೆಗಳಿಗೆ ಸದ್ದೇ ಇಲ್ಲ. ರಾಗಿಮುದ್ದೆಯನ್ನು ಕೋಲಿನಿಂದ ತಿರುವಿ, ಅಂಗೈಯಲ್ಲಿ ಉಂಡೆ ಮಾಡಿ ಸುಮ್ಮನೆ ತಟ್ಟೆಗಿಡುತ್ತಾರೆ. ಜೊತೆಗೆ ಉಪ್ಸಾರು. ಅಂದರೆ ಸೊಪ್ಪು, ಕಾಳು ಬೇಯಿಸಿದ ತಿಳಿನೀರು, ಅದಕ್ಕೆ ಬೇರೆಯಾಗಿ ಅರೆದಿಟ್ಟ ಖಾರ. ಮೊದಲ ಸಲ ಉಂಡಾಗ ಮುದ್ದೆಯನ್ನು ಅಗಿದುಬಿಟ್ಟೆ. "ನುಂಗ್ಬೇಕು ಕಣಮ್ಮ, ಹಲ್ ಕಟ್ಟೋರು ಅಂತ ಎಲ್ಲಾನೂ ಅಗಿಯಕ್ಕೋಗ್ಬೇಡಿ," ಎಂದು ಪುಟ್ಟತಾಯಮ್ಮ ನಕ್ಕಿದ್ದರು.

ಇನ್ನು ಮಾತು. ಬಂದ ಹೊಸದರಲ್ಲಿ ಮಾರ್ಕೆಟ್ಟಿನ ಹತ್ತಿರದ ಹೂವಿನವಳೊಬ್ಬಳು ನನ್ನ ಮಾತು ಕೇಳಿ ಕಣ್ಣರಳಿಸಿ, "ಎಷ್ಟ್ ಚೆನ್ನಾಗಿ ಕನ್ನಡ ಕಲ್ತಿದ್ದೀರಿ ಕಣ್ರೀ!" ಅಂದಳು. ಪ್ರೀತಿಯಿಂದಲೇ ಅಂದದ್ದು. ತಾಯಿಯ ಹಾಲಿನೊಡನೆ ಬಂದ ಭಾಷೆಗೆ ಬಹುಮಾನ ಸಿಕ್ಕರೆ ಏನು ಮಾಡುವುದು? ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದಿನಿಂದ ಅಂಗಡಿಗಳಲ್ಲಿ ಬಾಯಿ ಬಿಡುವುದನ್ನು ಕಡಿಮೆ ಮಾಡಿದೆ, ಬೆರಳು ತೋರಿಸಿ ಕೊಳ್ಳುವುದನ್ನು ಕಲಿತೆ.

ಆ ಮೌನದಲ್ಲಿ ಸಿಕ್ಕವರು ಈ ಹುಡುಗಿಯರು. ಫೋನ್ ರಿಪೇರಿಗೆಂದು ಹೋದ ಅಂಗಡಿಯ ಗಾಜಿನ ಕಪಾಟಿನಲ್ಲಿ, ಮೂಲೆಯಲ್ಲಿ ಗೀರು ಬಿದ್ದ ಈ ಹಳೇ ಯಂತ್ರವಿತ್ತು. ಅಂಗಡಿಯವನು ಹಾಕಿ ತೋರಿಸಿದ, ಕೊಂಡುಬಿಟ್ಟೆ. ಈ ಹುಡುಗಿಯರು ನಿಜವಾಗಿ ಎಲ್ಲೂ ಇಲ್ಲ. ಇವರ ದನಿಯೂ ಕಂಪ್ಯೂಟರಿನಲ್ಲಿ ಮಾಡಿದ್ದು. ಹಾಡು ಜಪಾನಿ ಭಾಷೆಯದು. ಹಾಡಿನ ತಾಳಕ್ಕೆ ಬಣ್ಣದ ಚುಕ್ಕಿಗಳು ಬಳೆಯೊಂದರ ಕಡೆಗೆ ಹರಿದು ಬರುತ್ತವೆ, ಚುಕ್ಕಿ ಬಳೆಯೊಳಗೆ ಬಿದ್ದ ಗಳಿಗೆಗೇ ಗುಂಡಿ ಒತ್ತಬೇಕು. ಸರಿಯಾಗಿ ಒತ್ತಿದರೆ 'ಪರ್ಫೆಕ್ಟ್', ಇಲ್ಲವಾದರೆ 'ಅರ್ಲಿ' ಅಥವಾ 'ಲೇಟ್'. ನನಗೆ ಇದು ಕೂಡಲೇ ಕೈಹತ್ತಿತು. ರೊಟ್ಟಿ ಬಡಿದ ಕೈಯಲ್ಲವೇ! ಆ ಹುಡುಗಿಯರಿಗೆ ನನ್ನ ಕನ್ನಡದ ಮೇಲೆ ಯಾವ ಅಭಿಪ್ರಾಯವೂ ಇರಲಿಲ್ಲ. ಚೆನ್ನಾಗಿ ಒತ್ತಿದರೆ ಮೂವರೂ ಎಗರೆಗರಿ ಚಪ್ಪಾಳೆ ತಟ್ಟುತ್ತಿದ್ದರು. ಒಂದೂವರೆ ತಿಂಗಳಲ್ಲಿ ಅತಿ ಕಷ್ಟದ ಹಾಡನ್ನೂ ಒಂದು ತಪ್ಪಿಲ್ಲದೆ ಮುಗಿಸುವಂತಾದೆ. ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ ಪುಟ್ಟತಾಯಮ್ಮನಿಗೇ ಹೇಳಿದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ: "ತಾಳ ತಪ್ಪಲ್ವಾ ನೀವು?"

"ಇಲ್ಲ ರೀ."

"ಅಂಗಾದ್ರೆ ನಾಳೆ ಸಂಜೆ ಕೆಳಕ್ ಬನ್ನಿ."

ಕೆಳಗೆ ಅಂಗಳದಲ್ಲಿ ಬೀದಿಯ ಹೆಂಗಸರ ಕೋಲಾಟದ ಅಭ್ಯಾಸ ನಡೆಯುತ್ತಿತ್ತು. ದಸರೆಗೆ ಬೀದಿಯ ಮೂಲೆಯಲ್ಲಿ ಶಾಮಿಯಾನ ಹಾಕಿ ಆಡುವ ರೂಢಿ. ಎಂಟು ಜನ ಬೇಕು. ಅದರಲ್ಲಿ ಒಬ್ಬಾಕೆ ಮಗಳ ಬಾಣಂತನಕ್ಕೆಂದು ಹೊರಟುಹೋಗಿದ್ದರು. ಹಾಡುವವರೂ ಮುಂದಾಳೂ ಪುಟ್ಟತಾಯಮ್ಮನೇ, ಅರವತ್ತು ದಾಟಿದರೂ ಕಂಚಿನ ಕಂಠ. ನನ್ನನ್ನು ತಮಗೇ ಜೋಡಿ ಮಾಡಿಕೊಂಡು, ಕೈಗೆ ಎರಡು ಕೋಲು ಕೊಟ್ಟರು.

ನನ್ನ ಹೆಮ್ಮೆ ಕೇಳಬೇಡಿ. ಆ ಮೂರು ನಿಮಿಷ ನಾನು ಒಂದೇ ಒಂದು ಏಟನ್ನೂ ತಾಳ ಬಿಟ್ಟು ಹಾಕಲಿಲ್ಲ, ದೇವರಾಣೆ. ಆದರೆ ಪ್ರತಿ ಸಾಲಿನ ಕೊನೆಗೂ ನನ್ನ ಕೋಲೊಂದೇ ಗಾಳಿಯಲ್ಲಿ ಬೀಳುತ್ತಿತ್ತು, ಉಳಿದ ಏಳು ಜನ ಆಮೇಲೆ ಹಾಕುತ್ತಿದ್ದರು. ಇವರೆಲ್ಲ ತಡ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಾಲ್ಕನೆಯ ಸುತ್ತಿಗೆ ನನ್ನ ಏಟು ಕೋಲಿನ ಬದಲು ಪುಟ್ಟತಾಯಮ್ಮನ ಬೆರಳ ಗಿಣ್ಣಿಗೆ ಬಿತ್ತು. ಹಾಡು ನಿಂತಿತು.

ಬೆರಳು ನೋಡುನೋಡುತ್ತ ಊದಿಕೊಂಡಿತು. ಟೈಲರಿಂಗ್ ಮಾಡುವ ಜಯಮ್ಮ ಕೋಲು ಕೆಳಗಿಟ್ಟು, ನನ್ನ ಮುಖ ನೋಡದೆ ಅಂದಳು: "ಇವ್ರಿಗೆ ಮುಂದಿನ್ ವರ್ಷ ಕಲ್ಸಾಣ ಬುಡಿ. ನಮ್ ನಾದಿನೀನ ಕರೀತೀನಿ, ಅವ್ಳಿಗೆ ಗೊತ್ತೈತೆ."

ಪುಟ್ಟತಾಯಮ್ಮ ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದು, "ಭಾನ್ವಾರದ್ ತನ್ಕ ನೋಡಾಣ," ಅಂದರು.

ಮೇಲೆ ಬಂದು ಅತ್ತುಬಿಟ್ಟೆ, ಮುಚ್ಚಿಡುವುದೇನು. ಯಾದಗಿರಿಯಲ್ಲಿ ನಾನು ಯಾವ ಗುಂಪಿನಲ್ಲಿ ಇದ್ದೇನೆ, ಯಾವುದರಲ್ಲಿ ಇಲ್ಲ ಎಂದು ಒಮ್ಮೆಯೂ ಯೋಚಿಸಿದವಳಲ್ಲ. ಹುಟ್ಟಿದ್ದೆ, ಇದ್ದೆ. ಇಲ್ಲಿ ಮೊದಲ ಸಲ ಒಂದು ಸಾಲಿನಲ್ಲಿ ನನಗೊಂದು ಜಾಗ ಸಿಕ್ಕಿತ್ತು. ನನಗೆ ಆ ಎಂಟರೊಳಗೆ ಇರಬೇಕಿತ್ತು, ಎಷ್ಟು ಬೇಕಿತ್ತೆಂದು ಕಳೆದುಕೊಳ್ಳುವ ಹೊತ್ತಿಗೆ ಗೊತ್ತಾಯಿತು.

ಮರುದಿನ ಸಂಜೆ ಊರಿಂದ ತಂದಿದ್ದ ಶೇಂಗಾ ಹಿಂಡಿ (ಇಲ್ಲಿಯವರಿಗೆ ಅದು ಕಡಲೆಕಾಯಿ ಚಟ್ನಿಪುಡಿ), ಎರಡು ಬಿಸಿ ಜೋಳದ ರೊಟ್ಟಿ ಹಿಡಿದು ಕೆಳಗೆ ಹೋದೆ. ಪುಟ್ಟತಾಯಮ್ಮ ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡು ಜಗುಲಿಯ ಮೇಲೆ ಕೂತಿದ್ದರು. ರೊಟ್ಟಿ ತಿಂದು, ಹಿಂಡಿಯ ಖಾರಕ್ಕೆ ಮೂಗೊರೆಸಿಕೊಂಡು, "ಎಲ್ಲಿ, ಆ ಹುಡ್ಗೀರ್ನ ತಕ್ಕೊಂಬಾ. ನಾನೂ ನೋಡ್ತೀನಿ," ಅಂದರು. 'ತಕ್ಕೊಂಬನ್ನಿ' ಅನ್ನಲಿಲ್ಲ, 'ತಕ್ಕೊಂಬಾ' ಅಂದರು. ಬೆರಳು ಮುರಿಯುವಷ್ಟು ಹೊಡೆದ ಮೇಲೆ ಬಹುವಚನ ಬಿಟ್ಟಿದ್ದರು! ನಾನು ಎರಡೆರಡು ಮೆಟ್ಟಿಲು ಹಾರಿ ಹೋಗಿ ತಂದೆ.

ಅತಿ ಸುಲಭದ ಹಾಡು ಹಾಕಿಕೊಟ್ಟೆ. ಗಾಯವಿಲ್ಲದ ಕೈಯಿಂದ ಒತ್ತತೊಡಗಿದರು. ಲೇಟ್. ಲೇಟ್. ಮತ್ತೆ ಲೇಟ್.

"ಚುಕ್ಕಿ ನೋಡ್ರಿ ಅಮ್ಮಾರ, ಹುಡುಗೀನ ನೋಡಬ್ಯಾಡ್ರಿ."

"ಹಾಡೋಳ್ನ ನೋಡ್ದೆ ಎಂಗೆ ಕಣಮ್ಮ ಏಟಾಕದು?" ಎಂದು ಬದನೆಕಾಯಿ ಕೂದಲಿನವಳ ಬಾಯಿಗೇ ಕಣ್ಣು ನೆಟ್ಟು ಇನ್ನೊಮ್ಮೆ ಆಡಿದರು. ಇನ್ನೊಮ್ಮೆ ಸೋತರು. ಆಮೇಲೆ ಯಂತ್ರವನ್ನು ಮಡಿಲಲ್ಲಿಟ್ಟು, ನಿಜವಾದ ಕಳವಳದಿಂದ ಹೇಳಿದರು: "ಈ ಕೂಸು ಉಸುರೇ ತಕ್ಕಳಲ್ವಲ್ಲೇ! ಎಲ್ಲಿ ಅಂತ ಕಾಯದು?"

ಒಂದೂವರೆ ತಿಂಗಳಿಂದ ಆ ಹಾಡುಗಳನ್ನು ಕೇಳಿದ್ದೆ, ಅವರು ಉಸಿರಾಡುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಪುಟ್ಟತಾಯಮ್ಮ ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುತ್ತಾರೆ. ಒಮ್ಮೆ ಗುಟುಕಿನಷ್ಟು, ಒಮ್ಮೆ ಎದೆ ತುಂಬ, ಅಂದಿನ ಸುಸ್ತು ಎಷ್ಟಿದೆಯೋ ಅಷ್ಟು. ಅಲ್ಲಿಯವರೆಗೆ ಉಳಿದವರ ಕೋಲು ಮೇಲೆಯೇ ಇರುತ್ತದೆ. ಯಾರೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾದ ಸಂಗತಿ ಎಂದು ಅವರಿಗೂ ಗೊತ್ತಿರಲಿಲ್ಲ. ನಾನಂತೂ ಆಟದುದ್ದಕ್ಕೂ ಅವರ ಕೋಲಿನ ತುದಿಯನ್ನೇ ಚುಕ್ಕಿಯಂತೆ ನೋಡಿದ್ದೆ. ಅವರ ಮುಖ ನೋಡಿರಲಿಲ್ಲ.

ಆ ವಾರ ಯಂತ್ರ ಮುಟ್ಟಲಿಲ್ಲ. ದಿನಾ ಸಂಜೆ ಜಗುಲಿಯ ಮೇಲೆ ಅವರು ಹಾಡಿದರು, ನಾನು ಅವರ ಕೊರಳನ್ನೇ ನೋಡುತ್ತ ತೊಡೆಯ ಮೇಲೆ ತಟ್ಟಿದೆ. ಮೊದಲ ದಿನ ಅತಿಯಾಗಿ ಕಾದು ತಡ ಮಾಡಿದೆ. ಮಾರನೆಯ ದಿನ ಅವರಿಗೆ ಕೆಮ್ಮು ಬಂದರೆ ಅದಕ್ಕೂ ಏಟು ಹಾಕಿದೆ, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಭಾನುವಾರ ಎಂಟೂ ಜನ ಸೇರಿದೆವು. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಕೊನೆಗೆ ಜಯಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು, "ಪರ್ವಾಗಿಲ್ಲ," ಅಂದಳು. ಜಯಮ್ಮನ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾದಿನಿ ಬರಲಿಲ್ಲ.

ಆಟದ ದಿನ ಎಲ್ಲರಿಗೂ ಹಸಿರು ಸೀರೆ, ತಲೆ ತುಂಬ ಮಲ್ಲಿಗೆ. ಇಡೀ ಬೀದಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿತ್ತು. ಮೂರನೆಯ ಸುತ್ತಿನವರೆಗೆ ಎಲ್ಲ ಸರಿಯಾಗಿತ್ತು. ಆಗ ಎತ್ತರದ ಸಾಲೊಂದರ ಕೊನೆಯಲ್ಲಿ ಪುಟ್ಟತಾಯಮ್ಮ ನಿಂತುಬಿಟ್ಟರು. ಉಸಿರು ಬರಲಿಲ್ಲ. ಹದಿನಾರು ಕೋಲುಗಳು ಮೇಲೆ ನಿಂತವು. ಮೈಕಿನವನು ಹಾಡು ಮುಗಿಯಿತೆಂದು ಗುಂಡಿಗೆ ಕೈ ಹಾಕಿದ. ಏಟು ಹಾಕೆಂದು ನನ್ನ ಮೈಯೆಲ್ಲ ಹೇಳುತ್ತಿತ್ತು. ಅವರ ಕಣ್ಣು ನನ್ನ ಮೇಲಿತ್ತು, ನನ್ನ ಕಣ್ಣು ಅವರ ಕೊರಳ ಮೇಲೆ. ಕೊರಳು ಒಮ್ಮೆ ಇಳಿಯಿತು, ಏರಿತು. ಹದಿನಾರೂ ಕೋಲು ಒಂದೇ ಸದ್ದಾಗಿ ಬಿದ್ದವು.

ಜನ ಸಿಳ್ಳೆ ಹೊಡೆದರು. ಆಟ ಮುಗಿದ ಮೇಲೆ ಜಯಮ್ಮ ಬಂದು, "ಆ ನಿಲ್ಸಿದ್ದೇ ಸಕತ್ತಾಗಿತ್ತು ಅಂತಾವ್ರೆ ಎಲ್ರೂ. ಮುಂದಿನ್ ವರ್ಷಾನೂ ಅಂಗೇ ಮಾಡಾಣ," ಅಂದಳು. ಪುಟ್ಟತಾಯಮ್ಮ ನನ್ನ ಕೈ ಬಿಟ್ಟಿರಲಿಲ್ಲ. ಊದಿದ ಬೆರಳು ಇನ್ನೂ ಬೆಚ್ಚಗಿತ್ತು. ಅವತ್ತಿನಷ್ಟು ಸಂತೋಷ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

ದೀಪಾವಳಿಗೆ ಊರಿಗೆ ಬಂದದ್ದು ನಿಮಗೆ ಗೊತ್ತೇ ಇದೆ. ರೈಲಿಳಿದು ಮನೆ ಮುಟ್ಟಿ ಒಂದು ತಾಸಾಗಿರಲಿಲ್ಲ, ನೀಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಯಾಕವ್ವ, ಮಾತಿನ್ಯಾಗ ನಡುನಡುವೆ ನಿಂದರ್ಲಿಕತ್ತೀ?"

"ಏನಿಲ್ಲ ಬುಡು," ಅಂದೆ. ಅಕ್ಕ ಹಿಟ್ಟಿನ ಕೈಯಲ್ಲೇ ಹಣೆ ಹಿಡಿದುಕೊಂಡು ನಕ್ಕಳು. ಹಬ್ಬ ಮುಗಿಯುವವರೆಗೂ ಮನೆಯಲ್ಲಿ ನನ್ನನ್ನು ಮೈಸೂರಮ್ಮ ಎಂದೇ ಕರೆದರು.

ಅಕ್ಕನ ಮಗಳು ಪಲ್ಲವಿಗೆ ಯಂತ್ರ ತೋರಿಸುತ್ತ, ನನ್ನ ಕೈಚಳಕ ನೋಡೆಂದು ಕಷ್ಟದ ಹಾಡನ್ನೇ ಹಾಕಿದೆ. ಲೇಟ್. ಲೇಟ್. ಲೇಟ್. ಪ್ರತಿ ಸಾಲಿನ ಕೊನೆಗೂ ನನ್ನ ಬೆರಳು ತಾನಾಗಿ ನಿಂತು, ಉಸಿರಿಲ್ಲದ ಹುಡುಗಿಯ ಉಸಿರಿಗೆ ಕಾಯುತ್ತಿತ್ತು. "ಹಿಂಗಲ್ಲ ಚಿಗವ್ವ, ಕೊಡಿಲ್ಲಿ," ಎಂದು ಕಸಿದುಕೊಂಡ ಪಲ್ಲವಿ, ತಾಯಿಯ ರೊಟ್ಟಿಯ ಸದ್ದಿಗೆ ತೊಡೆ ಕುಣಿಸುತ್ತ, ಒಂದರ ಹಿಂದೊಂದು ಪರ್ಫೆಕ್ಟ್ ಹೊಡೆದಳು. ಮೂವರು ಹುಡುಗಿಯರೂ ಎಗರಿ ಚಪ್ಪಾಳೆ ತಟ್ಟಿದರು. ಹೊರಡುವ ದಿನ ಯಂತ್ರವನ್ನು ಅವಳಿಗೇ ಬಿಟ್ಟುಬಂದೆ.

ಮೈಸೂರಿಗೆ ಮರಳಿದ ದಿನ ಸಂಜೆ ಪುಟ್ಟತಾಯಮ್ಮ ಬಾಗಿಲು ತಟ್ಟಿದರು. "ಏನೇ, ಸದ್ದೇ ಇಲ್ಲ. ಎಲ್ಲಿ ಹುಡ್ಗೀರು?"

"ಊರಾಗ ಬಿಟ್ಟು ಬಂದೀನ್ರಿ ಅಮ್ಮಾರ. ಅಲ್ಲೂ ನನ್ನ ಕಡಿಯವರು ಯಾರರ ಇರಬೇಕಲ್ಲ."

ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದರು. "ಅಂಗಾದ್ರೆ ಒಬ್ಳೇ ಏನ್ ಮಾಡ್ತೀಯ ಮೇಲೆ? ಕೆಳಕ್ ಬಾ, ಮುದ್ದೆ ಮಾಡಿವ್ನಿ," ಎಂದು ಇಳಿದು ಹೋದರು.

ಬೀಗ ಹಾಕಿ ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಫೋನ್ ಬಂತು. ಪಲ್ಲವಿ ಕಿರುಚುತ್ತಿದ್ದಳು, ಕಷ್ಟದ ಹಾಡು ಒಂದೂ ತಪ್ಪಿಲ್ಲದೆ ಮುಗಿಸಿದ್ದಳಂತೆ. ಅವಳ ಹಿಂದೆ ಆ ಮೂವರ ಹಾಡು, ಅದರ ಹಿಂದೆ ನೀಲಕ್ಕನ ರೊಟ್ಟಿಯ ಸದ್ದು. ಫೋನನ್ನು ಕಿವಿಗೊತ್ತಿಕೊಂಡು ಅಲ್ಲೇ ನಿಂತೆ. "ಚಿಗವ್ವ, ಮತ್ತ ಯಾವಾಗ ಬರ್ತೀ?" ಎಂದಳು ಪಲ್ಲವಿ. ಅದೇ ಗಳಿಗೆಗೆ ಕೆಳಗಿನಿಂದ ಪುಟ್ಟತಾಯಮ್ಮ ಕೂಗಿದರು: "ಎಲ್ಲಿದ್ದೀಯೇ? ಮುದ್ದೆ ಆರೋಯ್ತದೆ!"

"ಬಂದ್ಬುಟ್ಟೆ," ಅಂದೆ.

ಫೋನಿನಲ್ಲಿ ಪಲ್ಲವಿ ಕುಣಿದಾಡಿದಳು. ಕೆಳಗೆ ಪುಟ್ಟತಾಯಮ್ಮ ನನ್ನ ತಟ್ಟೆ ಇಟ್ಟ ಸದ್ದಾಯಿತು.