ಆ ತಾಯಿಯ ತಂಬಿಗೆ ನೀರು

ಹತ್ತರಗಿ ಬಳಿ ಮನೆ ಮುಂದಿನ ಹೆದ್ದಾರಿಯಲ್ಲೇ ಬೈಕಿನಿಂದ ಬಿದ್ದು ಎಚ್ಚರ ತಪ್ಪಿದ್ದ ಮಗನ ಬಾಯಿಗೆ ತಾಯಿ ತಂಬಿಗೆ ಹಿಡಿದಿದ್ದಳು. ಆಂಬುಲೆನ್ಸ್‌ನಿಂದ ಇಳಿದವನೇ ಅವಳ ಕೈ ತಳ್ಳಿದೆ. ಆ ನೀರು ಶ್ವಾಸನಾಳಕ್ಕೆ ಇಳಿದಿದ್ದರೆ ಮುಗಿಯುತ್ತಿತ್ತು.

"ಸಾಯೂ ಮಗಗ ನೀರ ಕುಡಸಬ್ಯಾಡ ಅಂತಿಯೇನಪಾ?" ಎಂದಳು.

ಅವನ ಬಾಯೊಳಗಿನ ರಕ್ತ ಒರೆಸಿ, ದವಡೆ ಎತ್ತಿ ಹಿಡಿದೆ. ಗೊರಗೊರ ಎನ್ನುತ್ತಿದ್ದ ಉಸಿರು ಸಲೀಸಾಯಿತು. ಗಾಡಿಯಲ್ಲೂ ಹಾಗೇ ಹಿಡಿದು ಕೂತು, ಹುಕ್ಕೇರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನ್ನ ಬೆರಳು ಮರಗಟ್ಟಿದ್ದವು. ಅವನು ಕಣ್ಣು ಬಿಟ್ಟ. ಎದುರಿಗೆ ಕೂತಿದ್ದ ತಾಯಿಯ ಕೈಯಲ್ಲಿ ತಂಬಿಗೆ ಹಾಗೇ ಇತ್ತು.

"ಈಗರ ಕೊಡ್ಲೇನಪಾ?"

ಈ ಕೆಲಸ ನಾನು ಕಲಿತದ್ದು ತರಬೇತಿಯ ಗೊಂಬೆಯ ಮೇಲೆ, ಒಂದೇ ದಿನ. ಆಮೇಲೆ ತಪಾಸಣೆಗೆ ಬಂದವರೆಲ್ಲ ಗಾಡಿ ತೊಳೆದಿದೆಯೋ ಇಲ್ಲವೋ ನೋಡಿ ಹೋದರು. ನಾನು ದವಡೆ ಹಿಡಿಯುವುದನ್ನು ದಾರಿಯುದ್ದಕ್ಕೂ ಕಣ್ಣು ಕೀಳದೆ ನೋಡಿದವಳು ಆ ತಾಯಿ ಒಬ್ಬಳೇ.