ಮುಖ ಕಾಣಿಸದ ಕಾವಲುಗಾರ

ಜರ್ಮನ್ ಸೈನ್ಯ ಹತ್ತಿರ ಬಂತೆಂದು ಮಾಸ್ಕೋದ ಸಿನಿಮಾ ಮಂದಿ ಕ್ಯಾಮೆರಾ ಸಮೇತ ದೂರದ ಮಧ್ಯ ಏಷ್ಯಾದ ಅಲ್ಮಾ-ಅತಾ ನಗರಕ್ಕೆ ಬಂದಿಳಿದರು. ಅದೇ ಊರಿನ ಬಾಲ್ಜಾನ್ ಅವರಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದಳು. ಆಗ ತೆಗೆಯುತ್ತಿದ್ದುದು ಜರ್ಮನ್ನರ ನಡುವೆ ನುಸುಳಿದ ಒಬ್ಬ ಗೂಢಚಾರಿಣಿಯ ಕಥೆ. ಹಳೆಯ ಕಂಬಳಿಗಳಿಗೆ ಬಣ್ಣ ಹಾಕಿ ಬಾಲ್ಜಾನ್ ಜರ್ಮನ್ ಸೈನಿಕರ ಕೋಟು ಹೊಲಿದಳು. ಅವಳ ಗಂಡ ಎರ್ಗಾಲಿ ಅಲ್ಲೇ ಗಾಡಿ ಹೊಡೆಯುತ್ತಿದ್ದ.

ಒಂದು ದಿನ ಜರ್ಮನ್ ಕಾವಲುಗಾರನ ಪಾತ್ರಕ್ಕೆ ಆಳು ಸಿಗದೆ ನಿರ್ದೇಶಕ ಎರ್ಗಾಲಿಯನ್ನೇ ಕರೆದ.

"ಎತ್ತರ ಸರಿಯಾಗಿದೆ. ಮುಖ ಮಾತ್ರ ಆ ಕಡೆ ತಿರುಗಿಸ್ಕೋ ಮಾರಾಯ. ನಿನ್ನ ಈ ಕಿರುಗಣ್ಣು ನೋಡಿದ್ರೆ ಬರ್ಲಿನ್ನವನು ಅಂತ ಯಾರೂ ನಂಬಲ್ಲ!"

ಗೂಢಚಾರಿಣಿ ಗುಂಡು ಹಾರಿಸಬೇಕು, ಇವನು ಬೀಳಬೇಕು. ಬಿದ್ದಾಗಲೆಲ್ಲ ಎರ್ಗಾಲಿಗೆ ನಗು ತಡೆಯಲಾಗಲಿಲ್ಲ. "ಸಾಯೋನು ನಗ್ತಾನೇನಯ್ಯಾ?" ಎಂದು ಬೈಸಿಕೊಂಡು, ಕೊನೆಗೆ ಹೇಗೋ ಸತ್ತ.

ಆ ತಿಂಗಳೇ ಅವನಿಗೆ ಸೈನ್ಯದಿಂದ ಕರೆ ಬಂತು. ಹೋದವನು ಕಾಣೆಯಾದ. ಮಗಳು ರಬಿಗಾ ಹುಟ್ಟಿದ ಸುದ್ದಿ ಅವನನ್ನು ಮುಟ್ಟಿತೋ ಇಲ್ಲವೋ, ಯಾರೂ ಹೇಳಲಿಲ್ಲ.

ಚಿತ್ರವನ್ನು ಮಾತ್ರ ಜನ ಮುಗಿಬಿದ್ದು ನೋಡಿದರು. ಯುದ್ಧ ಗೆದ್ದ ಮೇಲೂ, ಆ ಗೆಲುವಿನ ನೆನಪಿಗೆಂದು ಪ್ರತಿ ಮೇ ತಿಂಗಳಲ್ಲಿ ಅದು ತೆರೆಗೆ ಮರಳುತ್ತಿತ್ತು. ಬಾಲ್ಜಾನ್ ತಪ್ಪದೆ ಒಬ್ಬಳೇ ಹೋಗುತ್ತಿದ್ದಳು. ಮನೆಯಲ್ಲಿ ಅವನ ಒಂದು ಫೋಟೋ ಕೂಡ ಇರಲಿಲ್ಲ. ತೆರೆಯ ಮೇಲೆ ಅವನ ಬೆನ್ನು, ಅವನ ನಡಿಗೆ. ಅಷ್ಟಕ್ಕೇ ಅವಳ ಎದೆ ತುಂಬಿಬರುತ್ತಿತ್ತು. ಗುಂಡಿನ ಸದ್ದಿಗೆ ಸಭಾಂಗಣವೆಲ್ಲ ಚಪ್ಪಾಳೆ ತಟ್ಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ರಬಿಗಾ ಶಾಲೆಗೆ ಸೇರಿದ ವರ್ಷ, ಅಲ್ಲಿಯವರ ಜೊತೆ ಚಿತ್ರ ನೋಡಿ ಬಂದಳು. ಅಂಗಳದಲ್ಲಿ ಬೆರಳನ್ನೇ ಪಿಸ್ತೂಲು ಮಾಡಿಕೊಂಡು, "ಬಿದ್ದ ಜರ್ಮನ್ನವನು!" ಎಂದು ಕುಣಿದಳು. ಬಾಲ್ಜಾನ್‌ಗೆ ತಡೆಯಲಾಗಲಿಲ್ಲ. ಮರುದಿನವೇ ಮಗಳ ಕೈಹಿಡಿದು ಚಿತ್ರಮಂದಿರಕ್ಕೆ ಹೋದಳು.

"ಅಗೋ, ಅವನೇ ನಿಮ್ಮಪ್ಪ."

"ಅಯ್ಯೋ, ಅದು ಶತ್ರು ಅಲ್ವೇನಮ್ಮಾ!"

"ಕೋಟು ಶತ್ರೂದು. ಹೊಲಿದೋಳು ನಾನೇ. ಒಳಗಿರೋನು ನಿಮ್ಮಪ್ಪ."

"ಈ ಕಡೆ ತಿರುಗಲ್ವಾ?"

"ಇಲ್ಲ ಕಂದಾ, ತಿರುಗಲ್ಲ."

ಗುಂಡು ಹಾರಿತು, ಜನ ಚಪ್ಪಾಳೆ ತಟ್ಟಿದರು. ರಬಿಗಾ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದಳು.

ಹೊರಗೆ ಬಂದು, "ಅಪ್ಪ ಬಿದ್ದ ಜಾಗ ತೋರ್ಸು" ಎಂದು ಹಟ ಹಿಡಿದಳು. ಅಂದು ಚಿತ್ರೀಕರಣ ನಡೆದಿದ್ದ ಸ್ಟುಡಿಯೋ ಹಿಂದಿನ ಓಣಿಗೆ ಹೋದರು. ಅಲ್ಲೀಗ ಹೊಸ ಮನೆಗಳೆದ್ದಿದ್ದವು. ಜಾಗ ಯಾವುದೆಂದು ಬಾಲ್ಜಾನ್‌ಗೆ ಗುರುತು ಹತ್ತಲಿಲ್ಲ. ಇಬ್ಬರೂ ಪಕ್ಕದ ಕಾಲುವೆಯ ದಂಡೆಯ ಮೇಲೆ ಕುಳಿತರು.

"ಅಪ್ಪನ ದನಿ ಹೇಗಿತ್ತು? ಮೀಸೆ ಇತ್ತಾ? ಸಿಟ್ಟು ಬರ್ತಿತ್ತಾ?"

ಇಷ್ಟು ವರ್ಷ ಗಂಟಲಲ್ಲೇ ಉಳಿದಿದ್ದನ್ನೆಲ್ಲ ಬಾಲ್ಜಾನ್ ಒಂದೊಂದಾಗಿ ಹೇಳತೊಡಗಿದಳು.